ಎದ್ದ ಮೇಲಿನ ಮೊದಲ ನಡಿಗೆ

ಫ್ರಿಜ್ಜಿನ ಕೆಳಗಿನ ಅಂತಸ್ತಿನಲ್ಲಿದ್ದ ಅಗಲದ ಡಬ್ಬವನ್ನು ದೊಡ್ಡಕ್ಕ ಎರಡೂ ಕೈ ಹಾಕಿ ಎಳೆದಳು. ಹಿಂದೆ ಪಕ್ಕದ ಮನೆಯಾಕೆ ಮುಚ್ಚಿದ ಪಾತ್ರೆ ಹಿಡಿದು ಕಾಯುತ್ತಿದ್ದಳು. ಬೆಳಿಗ್ಗೆಯಿಂದ ಬಂದವರೆಲ್ಲ ಏನಾದರೊಂದು ತಂದಿದ್ದರು. ಹಾಲು, ಹಣ್ಣು, ಮಾಡಿದ ಅಡುಗೆ. ಇಬ್ಬರು ಬ್ರೆಡ್ಡು ತಂದಿದ್ದರು, ಅದೂ ಈ ಮನೆಯವರದೇ ಬೇಕರಿಯಿಂದ ಕೊಂಡದ್ದು. ಇಡುವುದೆಲ್ಲಿ?

"ಅದೇನು ಡಬ್ಬ?" ಎಂದಳು ಪಕ್ಕದ ಮನೆಯಾಕೆ.

"ಅವಳ ಕಾಲೇಜಿಂದು."

"ಒಳಗೇನಿದೆ?"

"ಹುಳ. ಸತ್ತಿದಾವೆ ಬಿಡು."

ಪಕ್ಕದ ಮನೆಯಾಕೆ ಅರ್ಧ ಹೆಜ್ಜೆ ಹಿಂದೆ ಸರಿದಳು. ದೊಡ್ಡಕ್ಕ ಡಬ್ಬವನ್ನು ಎದೆಗೊತ್ತಿಕೊಂಡು ಹಿತ್ತಲಿಗೆ ಹೋದಳು. ಲವಂಗದ ವಾಸನೆ ಮೂಗಿಗೆ ಬಡಿಯಿತು. ಎಸೆಯುವಂತಿಲ್ಲ, ತಮ್ಮನ ಹೆಂಡತಿ ಜೋಪಾನ ಮಾಡಿದ್ದು. ನೆರಳು ನೋಡಿ ಬಟ್ಟೆ ಒಗೆಯುವ ಕಲ್ಲಿನ ಮೇಲಿಟ್ಟಳು. ಬಿಸಿಲು ಈ ಕಡೆ ತಿರುಗಿದರೂ ತಂಪಾಗಿರಲಿ ಎಂದು ಮುಚ್ಚಳ ತೆಗೆದು, ಒದ್ದೆ ಬಟ್ಟೆ ಹಿಂಡಿ ಮೇಲೆ ಹೊದಿಸಿದಳು. ಅಷ್ಟು ಮಾಡಿ, ಏನು ಮಾಡಬೇಕೆಂದು ತೋಚದೆ, ಒದ್ದೆ ಕೈಯನ್ನೇ ನೋಡುತ್ತ ಸ್ವಲ್ಪ ಹೊತ್ತು ನಿಂತಳು. ನಿನ್ನೆಯಿಂದ ಹೀಗೇ ಆಗುತ್ತಿತ್ತು. ಒಂದು ಕೆಲಸ ಮುಗಿಸಿದ ಮೇಲೆ ಇನ್ನೊಂದು ಕೆಲಸ ಎದುರಿಗೆ ಬಂದು ನಿಲ್ಲುವವರೆಗೆ ತಲೆಯೊಳಗೆ ಏನೂ ಇರುತ್ತಿರಲಿಲ್ಲ. ಅಳು ಬಂದಿರಲಿಲ್ಲ. ಬರುವ ಲಕ್ಷಣವೂ ಇರಲಿಲ್ಲ.

ತಮ್ಮನ ಹೆಂಡತಿ ಹಜಾರದಲ್ಲಿ ಮಲಗಿದ್ದಳು, ಗಲ್ಲದವರೆಗೆ ಬಿಳಿ ಬಟ್ಟೆ. ಸುತ್ತ ಕುರ್ಚಿಗಳಲ್ಲಿ ಕುಳಿತವರು ತಗ್ಗಿದ ದನಿಯಲ್ಲಿ ಮಾತನಾಡುತ್ತಿದ್ದರು.

"ಬಸ್ ಸ್ಟಾಪಲ್ಲೇ ಅಂತೆ."

"ಕೂತಲ್ಲೇ. ಪಕ್ಕದೋರು ಬಸ್ ಬಂತು ಏಳಿ ಅಂತ ಭುಜ ಮುಟ್ಟಿದಾಗಲೇ ಗೊತ್ತಾಗಿದ್ದು."

"ಪುಣ್ಯವಂತೆ. ಯಾರಿಗೂ ತೊಂದ್ರೆ ಕೊಡದೆ ಹೋದ್ಳು."

"ಬಸ್ಸಿನವನಿಗೆ ಕೊಟ್ಳಲ್ಲ. ಪಾಪ, ಅವನು ಬಸ್ ಆಫ್ ಮಾಡಿ, ಆಂಬುಲೆನ್ಸ್ ಬರೋ ತನಕ ಅಲ್ಲೇ ನಿಂತಿದ್ನಂತೆ. ಒಳಗಿದ್ದೋರೂ ಒಬ್ರೂ ಗೊಣಗಲಿಲ್ಲವಂತೆ."

ತಮ್ಮ ಗೋಡೆಗೆ ಆನಿಕೊಂಡು ಸ್ಟೂಲಿನ ಮೇಲೆ ಕುಳಿತಿದ್ದ. ಇವತ್ತೂ ನಸುಕಿನಲ್ಲಿ ಎದ್ದು ಬೇಕರಿಗೆ ಹೋಗಿ, ದಿನದ ಬ್ರೆಡ್ಡನ್ನೆಲ್ಲ ಸುಟ್ಟು, ಅಂಗಡಿಗಳಿಗೆ ಕಳಿಸಿ, ಮನೆಗೆ ಬಂದು ಬಾಗಿಲಲ್ಲಿ ಜನರನ್ನು ನೋಡಿದ ಮೇಲೇ ಅವನಿಗೆ ನೆನಪಾದದ್ದು. ಕಿವಿಯ ಹಿಂದೆ ಇನ್ನೂ ಹಿಟ್ಟು ಹಾಗೇ ಇತ್ತು.

ಅವನ ಹೆಂಡತಿ ಪಾಠ ಮಾಡುತ್ತಿದ್ದ ವಿಭಾಗದ ಮುಖ್ಯಸ್ಥರು ಕಪ್ಪು ಕೋಟು ತೊಟ್ಟು ಬಂದು ಅವನ ಪಕ್ಕದಲ್ಲಿ ಕುಳಿತರು. ಜೀವನವಿಡೀ ಹದ್ದುಗಳ ಅಧ್ಯಯನ ಮಾಡಿದವರು. ಈ ಮನೆಯಲ್ಲಿ ಅವರಿಗೆ ಹದ್ದು ಮೇಷ್ಟ್ರು ಎಂದೇ ಹೆಸರು. 'ನಾನು ಆಕಾಶ ನೋಡ್ತೀನಿ, ನಮ್ಮ ಮೇಡಂ ಚರಂಡಿ ನೋಡ್ತಾರೆ' ಎಂದು ಅವರು ಸಭೆಯಲ್ಲಿ ಅಂದದ್ದನ್ನು ತಮ್ಮನ ಹೆಂಡತಿಯೇ ಮನೆಗೆ ಬಂದು ಹೇಳಿ, ಬಿದ್ದು ಬಿದ್ದು ನಕ್ಕಿದ್ದಳು.

"ಮೇಡಂ ಜೊತೆ ಕೆಲಸ ಮಾಡ್ತಿದ್ದ ಆ ಹುಡುಗೀದೇ ಬೇಜಾರು," ಎನ್ನುತ್ತಿದ್ದರು ಹದ್ದು ಮೇಷ್ಟ್ರು. "ಜೋಡಿ ನಿಧಿ ನೋಡಿ. ಒಬ್ಬರು ಹೋದ್ರೆ ಮುಚ್ಚಿಬಿಡ್ತಾರೆ. ಕೆಲಸ ನಡೀತಾ ಇದ್ರೆ ಇನ್ನೊಬ್ಬ ಮೇಷ್ಟ್ರು ಸೇರ್ಕೋಬಹುದು ಅಂತೇನೋ ಇದೆ. ಆದ್ರೆ ಬಸವನಹುಳಕ್ಕೆ ಯಾರು ಸೇರ್ತಾರೆ, ನೀವೇ ಹೇಳಿ. ಅವಳಿಗೆ ಇದೇ ಕೊನೇ ವರ್ಷ ಬೇರೆ."

ತಮ್ಮ ಹೂಂಗುಟ್ಟಿದ. ಯಾರು ಏನು ಹೇಳಿದರೂ ಅವನು ಹೂಂಗುಟ್ಟುತ್ತಿದ್ದ.

*

ಕಾಗದದ ಮೇಲೆ ಆ ಸಂಶೋಧನಾ ನಿಧಿಗೆ ಒಂದು ಮಾರುದ್ದದ ಹೆಸರಿತ್ತು. ಬಾಯಲ್ಲಿ ಎಲ್ಲರಿಗೂ ಅದು ಜೋಡಿ ನಿಧಿ. ಮೇಷ್ಟ್ರೊಬ್ಬರೇ ಕೇಳಿದರೆ ಕೊಡುವುದಿಲ್ಲ, ವಿದ್ಯಾರ್ಥಿ ಒಬ್ಬರೇ ಕೇಳಿದರೂ ಇಲ್ಲ. ಇಬ್ಬರೂ ಸೇರಿ ಕೇಳಬೇಕು, ಸೇರಿ ದುಡಿಯಬೇಕು, ಕೊನೆಗೆ ಇಬ್ಬರ ಹೆಸರೂ ಒಂದೇ ಸಾಲಿನಲ್ಲಿ ಬರಬೇಕು. ಆನೆಯ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ ಎಂದು ದೊಡ್ಡ ಮೇಷ್ಟ್ರುಗಳು ಅದರ ತಂಟೆಗೇ ಹೋಗುತ್ತಿರಲಿಲ್ಲ. ತಮ್ಮನ ಹೆಂಡತಿ ಮಾತ್ರ ವರ್ಷ ತಪ್ಪಿಸದೆ ಅರ್ಜಿ ಹಾಕುತ್ತಿದ್ದಳು. ಒಂದು ವರ್ಷ ಸಿಗುತ್ತಿತ್ತು, ಎರಡು ವರ್ಷ ಸಿಗುತ್ತಿರಲಿಲ್ಲ. ಸಿಗದ ವರ್ಷವೂ ಅವಳು ಒಬ್ಬ ವಿದ್ಯಾರ್ಥಿಯನ್ನು ಹಿಡಿದುಕೊಂಡು ಅದೇ ಕೆಲಸ ಮಾಡುತ್ತಿದ್ದಳು.

ಒಂದು ಸಂಜೆ ಅವಳು ಬಟಾಣಿ ಸುಲಿಯುತ್ತ ಕುಳಿತಿದ್ದಾಗ ದೊಡ್ಡಕ್ಕ ಕೇಳಿದ್ದಳು, "ಅಲ್ಲಮ್ಮಾ, ಸೇರಿಸ್ಕೊಳ್ಳೋದು ಸೇರಿಸ್ಕೊಳ್ತೀಯ, ಮೊದಲ ಬೆಂಚಿನ ಜಾಣರನ್ನ ಸೇರಿಸ್ಕೋಬಾರದಾ? ನಿನಗೂ ಹೆಸರು ಬರುತ್ತೆ."

"ಅವರಿಗೆ ನಾನು ಬೇಕಾಗಿಲ್ಲ ಅಕ್ಕಾ."

"ಮತ್ತೆ ಹಿಂದಿನ ಬೆಂಚಿನೋರಿಗೆ ಬೇಕಾ?"

"ಅವರಿಗೂ ಬೇಡ." ನಕ್ಕಳು. ಬಟಾಣಿಯೊಂದು ಜಾರಿ ಮಂಚದ ಕೆಳಗೆ ಉರುಳಿತು. "ಜಾಣರು ನಾನು ಏನು ಹೇಳಿದ್ರೂ ಸರಿ ಮೇಡಂ ಅಂತಾರೆ. ಬರಕೊಂಡೂ ಬಿಡ್ತಾರೆ. ಈ ಸಲ ಒಬ್ಬಳು ಸಿಕ್ಕಿದಾಳೆ ಅಕ್ಕಾ. ಬಾಗಿಲ ಪಕ್ಕ ಕೂರ್ತಾಳೆ, ಗಂಟೆ ಹೊಡೆದ ತಕ್ಷಣ ಓಡೋಕೆ. ಎರಡು ವಿಷಯದಲ್ಲಿ ಫೇಲ್. ಮೊನ್ನೆ ನಾನು ಬೋರ್ಡಿನ ಮೇಲೆ ಏನೋ ಬರೆದೆ. ಇಡೀ ಕ್ಲಾಸು ಬರ್ಕೊಳ್ತಿದೆ. ಇವಳೊಬ್ಬಳು ಎದ್ದು ನಿಂತು, ಅಲ್ಲ ಮೇಡಂ, ಅಂದ್ಳು."

"ಯಾರದು ತಪ್ಪಾಗಿತ್ತು?"

"ಅವಳದೇ. ಅದಕ್ಕೇನಂತೆ."

ಅಂದಿನಿಂದ ಆ ಹುಡುಗಿಗೆ ಈ ಮನೆಯಲ್ಲಿ 'ಅಲ್ಲಮೇಡಂ' ಎಂದೇ ಹೆಸರಾಯಿತು. ಅವಳ ನಿಜವಾದ ಹೆಸರು ದೊಡ್ಡಕ್ಕನಿಗೆ ಈಗಲೂ ಗೊತ್ತಿಲ್ಲ. ವಾರಕ್ಕೆರಡು ಸಲ ಹಿತ್ತಲ ಬಾಗಿಲಿನಿಂದ ಬರುತ್ತಿದ್ದಳು. ತಿನ್ನಲು ಏನಾದರೂ ಕೊಟ್ಟರೆ ಬೇಡ ಎನ್ನುತ್ತಿದ್ದಳು, ಹೋಗುವಾಗ ತಟ್ಟೆ ಖಾಲಿಯಾಗಿರುತ್ತಿತ್ತು.

*

ಹುಡುಗಿ ಇವತ್ತೂ ಹಿತ್ತಲ ಬಾಗಿಲಿನಿಂದಲೇ ಬಂದಳು. ಹಜಾರಕ್ಕೆ ಹೋಗಿ ಮೇಡಂ ಮುಖ ನೋಡಿದಳು. ಕೈ ಕಟ್ಟಿಕೊಂಡು, ತರಗತಿಯ ಹೊರಗೆ ನಿಲ್ಲಿಸಿದವಳ ಹಾಗೆ, ಬಹಳ ಹೊತ್ತು ನಿಂತಿದ್ದಳು. ಆಮೇಲೆ ಅಡುಗೆಮನೆಗೆ ಬಂದು ದೊಡ್ಡಕ್ಕನ ಪಕ್ಕದಲ್ಲಿ ನಿಂತಳು.

"ದೊಡ್ಡಕ್ಕ, ತಪ್ಪು ತಿಳ್ಕೋಬೇಡಿ. ಇವತ್ತು ಕೇಳಬಾರದು. ಡಬ್ಬ ಇಲ್ಲೇ ಇರ್ಲಾ, ನಾನು ತಗೊಂಡು ಹೋಗ್ಲಾ? ನಿಮಗೆ ಫ್ರಿಜ್ ಬೇಕಾಗುತ್ತಲ್ಲ. ನನ್ನ ರೂಮಲ್ಲಿ ಫ್ರಿಜ್ ಇಲ್ಲ, ಆದ್ರೆ ಕೆಳಗಿನ ಅಂಗಡಿಯವರು ಐಸ್ ಕೊಡ್ತೀನಿ ಅಂದಿದಾರೆ."

"ಹಿತ್ತಲಲ್ಲಿಟ್ಟಿದೀನಿ ಕಣೇ. ನೆರಳಲ್ಲೇ ಇದೆ, ತಗೋ."

ಹುಡುಗಿಯ ಮುಖ ನೋಡಿ ದೊಡ್ಡಕ್ಕನ ಕೈಯಲ್ಲಿದ್ದ ಲೋಟ ತಾನಾಗಿಯೇ ಕೆಳಗಿಳಿಯಿತು.

"ಯಾಕೆ? ಸತ್ತಿದ್ದಾವಲ್ಲ ಅವು?"

"ಮಲಗಿದ್ವು," ಎಂದಳು ಹುಡುಗಿ, ಅಷ್ಟರಲ್ಲಿ ಹೊರಗೆ ಓಡಿದ್ದಳು.

ಡಬ್ಬದ ತುಂಬ ತಮ್ಮನ ಬೇಕರಿಯ ಪುಟ್ಟ ಕೇಕಿನ ಅಚ್ಚುಗಳು, ಒಂದೊಂದಕ್ಕೂ ಬಲೆಬಟ್ಟೆ ಕಟ್ಟಿದ್ದು. ಒಂದೊಂದರಲ್ಲೂ ಒಂದೊಂದು ಬಸವನಹುಳು, ಚಿಪ್ಪಿನ ಮೇಲೆ ಉಗುರುಬಣ್ಣದ ಚುಕ್ಕೆ. ಚಳಿಯಲ್ಲಿಟ್ಟರೆ ಅವು ಚಿಪ್ಪಿನ ಬಾಯಿಗೆ ತೆಳುವಾದ ಪರದೆ ಕಟ್ಟಿಕೊಂಡು ಒಳಗೆ ಮಲಗುತ್ತವೆ. ಬೆಚ್ಚಗೂ ಒದ್ದೆಯಾಗಿಯೂ ಆಯಿತೋ, ಎದ್ದುಬಿಡುತ್ತವೆ. ದೊಡ್ಡಕ್ಕ ಹೊದಿಸಿದ ಒದ್ದೆ ಬಟ್ಟೆಯ ಕೆಳಗೆ ಹಲವು ಅಚ್ಚುಗಳಲ್ಲಿ ಪರದೆ ಹರಿದಿತ್ತು. ಹಳದಿ ಚುಕ್ಕೆಯದೊಂದು ಆಗಲೇ ಒಂದು ಕೊಂಬು ಹೊರಗೆ ಹಾಕಿ, ಇದು ಯಾವ ಲೋಕ ಎಂದು ನೋಡುವ ಹಾಗೆ, ಅತ್ತಿತ್ತ ಆಡಿಸುತ್ತಿತ್ತು.

"ಮುಂದಿನ ವಾರ ಎಬ್ಬಿಸಬೇಕಿತ್ತು," ಎಂದಳು ಹುಡುಗಿ. ದನಿಯಲ್ಲಿ ಏನೂ ಇರಲಿಲ್ಲ. "ಮಲಗೋ ಮೊದಲು ಲವಂಗದ ವಾಸನೆ ಬಂದ್ರೆ ಊಟ ಅಂತ ಕಲಿಸಿದ್ವಿ. ಸಾಮಾನ್ಯಕ್ಕೆ ಲವಂಗ ಕಂಡ್ರೆ ಆಗಲ್ಲ ಅವಕ್ಕೆ. ಎದ್ದ ಮೇಲೆ ಲವಂಗದ ಕಡೆ ಹೋದ್ರೆ ನೆನಪಿದೆ ಅಂತ. ಬೇರೆ ಕಡೆ ಹೋದ್ರೆ ನಿದ್ದೇಲಿ ಮರೆತಿದೆ ಅಂತ. ಎದ್ದ ಮೇಲಿನ ಮೊದಲ ನಡಿಗೆ ಮಾತ್ರ ಲೆಕ್ಕ. ಒಂದು ಸಲ ಎಲ್ಲಿಗಾದ್ರೂ ನಡೆದುಬಿಟ್ರೆ ಮುಗೀತು."

"ಇನ್ನೂ ನಡೆದಿಲ್ಲವಲ್ಲ?"

"ಇಲ್ಲ. ಇವತ್ತೇ ನೋಡಬೇಕು. ಈಗ್ಲೇ." ಹುಡುಗಿ ಒದ್ದೆ ಬಟ್ಟೆಯನ್ನು ಮಡಚಿ, ಮತ್ತೆ ಬಿಚ್ಚಿ, ಮತ್ತೆ ಮಡಚಿದಳು. "ಆಗಲ್ಲ ಬಿಡಿ. ಇಬ್ಬರು ಬೇಕು. ಒಬ್ಬರು ನನ್ನಂಥೋರು, ಒಬ್ಬರು ಮೇಷ್ಟ್ರು."

"ನಾನು ಹಾಳು ಮಾಡಿದೆ."

"ನಿಮಗೆ ಗೊತ್ತಿರ್ಲಿಲ್ಲ ದೊಡ್ಡಕ್ಕ. ನೆರಳಲ್ಲಿ ಇಟ್ಟಿದೀರ. ಬಿಸಿಲಲ್ಲಿ ಇಟ್ಟಿದ್ರೆ ಸತ್ತೇ ಹೋಗಿರೋವು."

ಹುಡುಗಿ ಸಮಾಧಾನ ಹೇಳುತ್ತಿದ್ದಾಳೆ ಎಂದು ಅರ್ಥವಾಗಲು ದೊಡ್ಡಕ್ಕನಿಗೆ ಸ್ವಲ್ಪ ಹೊತ್ತು ಹಿಡಿಯಿತು.

*

ಇಬ್ಬರು ನೋಡದ್ದು ನಡೆದದ್ದೇ ಅಲ್ಲ ಎನ್ನುವುದು ತಮ್ಮನ ಹೆಂಡತಿಯ ಮಾತು. ನೋಡುವಾಗ ಒಬ್ಬರ ಮುಖ ಒಬ್ಬರು ನೋಡುವಂತಿಲ್ಲ. ನಡುವೆ ಒಂದು ರಟ್ಟು ನಿಲ್ಲಿಸಿಕೊಂಡು, ಹುಳು ಹೋದ ದಿಕ್ಕನ್ನು ತಮ್ಮ ತಮ್ಮ ಚೀಟಿಯಲ್ಲಿ ಬರೆದು, ಆಮೇಲೆ ರಟ್ಟು ತೆಗೆಯಬೇಕು.

ಹುಳುಗಳಿಗೆ ಕಲಿಸುತ್ತಿದ್ದ ದಿನಗಳಲ್ಲಿ ಒಂದು ಸಂಜೆ ಈ ಅಡುಗೆಮನೆಯಲ್ಲೇ ರಟ್ಟು ತೆಗೆದಾಗ ಮೇಡಂ ಚೀಟಿಯಲ್ಲಿ 'ಲವಂಗ' ಎಂದಿತ್ತು, ಹುಡುಗಿಯದರಲ್ಲಿ 'ನಿಂತಿತು' ಎಂದು.

"ಲವಂಗದ ಕಾಗದದ ಅಂಚು ಮುಟ್ತಲ್ಲೇ," ಎಂದಳು ಮೇಡಂ.

"ಅಲ್ಲ ಮೇಡಂ. ಕೊಂಬು ಮುಟ್ತು, ಮೈ ಮುಟ್ಟಲಿಲ್ಲ. ಕೊಂಬು ಮುಟ್ಟಿದ್ರೆ ಹೋದ ಹಾಗಾ? ನಾನು ಕಿಟಕೀಲಿ ಇಣುಕಿದ್ರೆ ನಿಮ್ಮನೆಗೆ ಬಂದ ಹಾಗಾ?"

ದೊಡ್ಡಕ್ಕ ಒಲೆಯ ಮುಂದಿನಿಂದಲೇ, "ಹುಡುಗೀ, ದೊಡ್ಡೋರ ಹತ್ರ ಹಾಗೆಲ್ಲ ಮಾತಾಡ್ತಾರಾ?" ಎಂದು ಗದರಿದ್ದಳು. ತಮ್ಮನ ಹೆಂಡತಿ ಕೈಯೆತ್ತಿ ತಡೆದಳು. ಎರಡೂ ಚೀಟಿಯನ್ನು ಪಕ್ಕಪಕ್ಕ ಇಟ್ಟು, ಒಮ್ಮತವಿಲ್ಲ ಎಂದು ಬರೆದುಕೊಂಡಳು. ಆ ರಾತ್ರಿ ಊಟಕ್ಕೆ ಕೂತಾಗಲೂ ಅವಳ ಮುಖದಲ್ಲಿ ನಗು. ಗಂಡ, "ಏನೇ, ಬಡ್ತಿ ಬಂತಾ?" ಎಂದು ಛೇಡಿಸಿದ. "ಇಲ್ಲ ಕಣ್ರೀ, ನನ್ನ ಹುಡುಗಿ ಜಗಳ ಆಡಿದ್ಳು," ಎಂದಳು. ಹೊಸ ಬಟ್ಟೆ ಬಂತು ಅನ್ನುವಂತಿತ್ತು ಅವಳು ಹೇಳಿದ ರೀತಿ.

ಬಡ್ತಿ ಕೊನೆಗೂ ಬರಲಿಲ್ಲ.

*

"ಮೇಷ್ಟ್ರೇ, ಸ್ವಲ್ಪ ಅಡುಗೆಮನೆಗೆ ಬರ್ತೀರಾ?" ಎಂದಳು ದೊಡ್ಡಕ್ಕ ಹಜಾರಕ್ಕೆ ಬಂದು.

"ಕಾಫಿ ಏನೂ ಬೇಡಮ್ಮ, ಆಯ್ತು," ಎಂದರು ಹದ್ದು ಮೇಷ್ಟ್ರು.

"ಕಾಫಿಗಲ್ಲ. ಹುಳ ಎದ್ದಿದಾವೆ."

ಮೇಷ್ಟ್ರು ತಮ್ಮನ ಮುಖ ನೋಡಿದರು. ತಮ್ಮ ಹೂಂಗುಟ್ಟಿದ.

ದೊಡ್ಡಕ್ಕ ನಿಂತಲ್ಲೇ ಎಲ್ಲವನ್ನೂ ಹೇಳಿದಳು. ತಾನು ಡಬ್ಬ ತೆಗೆದದ್ದು, ಒದ್ದೆ ಬಟ್ಟೆ, ಮೊದಲ ನಡಿಗೆ. ಹೇಳುವಾಗ ಅವಳ ದನಿ ಅಂಗಡಿಯಲ್ಲಿ ಸಾಮಾನು ಕೇಳುವವರ ಹಾಗೆ ಸಪ್ಪಗಿತ್ತು. "ಕೆಲಸ ನಡೀತಾ ಇದ್ರೆ ಇನ್ನೊಬ್ಬರು ಸೇರಬಹುದು ಅಂದ್ರಲ್ಲ. ನಡೀತಾ ಇದೆ. ನೀವು ಸೇರಿ."

"ಈ ಹೊತ್ತಲ್ಲಾ? ಅಮ್ಮಾ, ಹೆಣ ಇಟ್ಕೊಂಡು... ಜನ ಏನಂತಾರೆ? ಗಾಡಿ ಬೇರೆ ಬಂದಿದೆ."

ನಿಜ. ಗೇಟಿನ ಹತ್ತಿರ ವ್ಯಾನು ಬಂದು ನಿಂತಿತ್ತು. ಡ್ರೈವರು ಒಳಗೆ ಇಣುಕಿ, "ಹೊರಡೋಣವಾ? ಅಲ್ಲಿ ಗುಂಡಿ ಹತ್ರ ಕಾಯ್ತಿದಾರೆ," ಎಂದು ಮೆತ್ತಗೆ ಕೇಳಿದ. ಹಜಾರದಲ್ಲಿ ನಾಲ್ಕಾರು ಮಂದಿ ಎದ್ದು ನಿಂತರು. ಕುರ್ಚಿಗಳು ಕಿರುಗುಟ್ಟಿದವು. ಈಗ ಎತ್ತಿದರೆ ತಮ್ಮನ ಹೆಂಡತಿಯೂ ಅವಳ ಕೆಲಸವೂ ಒಟ್ಟಿಗೇ ಹೋದ ಹಾಗೆ ಎಂದುಕೊಂಡಳು ದೊಡ್ಡಕ್ಕ.

ತಮ್ಮ ಸ್ಟೂಲಿನಿಂದ ಎದ್ದ. ಬೆಳಿಗ್ಗೆಯಿಂದ ಮೊದಲ ಸಲ ಅವನ ಬಾಯಿಂದ ಹೂಂ ಅಲ್ಲದ ಮಾತು ಬಂತು.

"ಸ್ವಲ್ಪ ತಡೀರಪ್ಪಾ. ಅವಳಿಗಿನ್ನೇನು ಅವಸರ?"

ಎದ್ದವರು ಒಬ್ಬೊಬ್ಬರಾಗಿ ಕುಳಿತರು. ಡ್ರೈವರು ಹೊರಗೆ ಹೋಗಿ ಯಾರಿಗೋ ಫೋನು ಮಾಡಿ, "ಇಲ್ಲ, ಗಾಡಿ ಸರಿಯಿದೆ, ಮನೆಯೋರೇ ತಡೀರಿ ಅಂದ್ರು," ಎನ್ನುತ್ತಿದ್ದ. ತಮ್ಮನು ಹದ್ದು ಮೇಷ್ಟ್ರ ಕಡೆ ತಿರುಗಿ, "ಹೋಗಿ ಮೇಷ್ಟ್ರೇ. ನನ್ನನ್ನ ಕೇಳಿದ್ರೆ ನಾನೇ ಕೂರ್ತಿದ್ದೆ. ನಾನು ಬರೀ ಬ್ರೆಡ್ ಸುಡೋನು," ಎಂದ.

ಅಡುಗೆಮನೆಯ ನೆಲವನ್ನು ಹುಡುಗಿ ಒದ್ದೆ ಮಾಡಿ ಒರೆಸಿದ್ದಳು. ನೆಲದ ಮೇಲೆ ಗಾಜಿನ ಹಲಗೆ, ಅದರ ಒಂದು ಕೊನೆಗೆ ಲವಂಗದ ನೀರಿನಲ್ಲಿ ಅದ್ದಿದ ಕಾಗದ, ಇನ್ನೊಂದು ಕೊನೆಗೆ ಬರೀ ನೀರಿನ ಕಾಗದ. ನೋಡುವ ಇಬ್ಬರ ನಡುವೆ ರಟ್ಟು. ಹದ್ದು ಮೇಷ್ಟ್ರು ಶೂ ಬಿಚ್ಚಿದರು. ಮೊದಲು ಕುಕ್ಕುರುಗಾಲಲ್ಲಿ ಕುಳಿತರು, ಆಗಲಿಲ್ಲ. ಮಂಡಿಯೂರಿದರು, ಅದೂ ಆಗಲಿಲ್ಲ. ಕೊನೆಗೆ ಮೊಣಕೈ ಊರಿ ನೆಲದ ಮೇಲೆಯೇ ಹೊಟ್ಟೆ ಹಚ್ಚಿ ಮಲಗಿದರು. ಪಕ್ಕದ ಮನೆಯಾಕೆ ಒಂದು ದಿಂಬು ತಂದು ಅವರ ಎದೆಯ ಕೆಳಗೆ ಸರಿಸಿದಳು.

ಹಳದಿ ಚುಕ್ಕೆಯದನ್ನು ನಡುವೆ ಬಿಟ್ಟರು.

ಬಸವನಹುಳುವಿಗೆ ಹೆಣವೂ ಗೊತ್ತಿಲ್ಲ, ವ್ಯಾನೂ ಗೊತ್ತಿಲ್ಲ. ಅದು ಮೈ ಚಾಚಿತು. ಕುಗ್ಗಿತು. ಮತ್ತೆ ಚಾಚಿತು. ಬಾಗಿಲಲ್ಲಿ ಜನ ಸೇರಿದ್ದರು, ಹಜಾರದಲ್ಲಿ ಮಲಗಿದವಳ ಹತ್ತಿರ ತಮ್ಮನೊಬ್ಬನೇ ಉಳಿದಿದ್ದ. ಯಾರೋ ಸೀನು ತಡೆದುಕೊಂಡರು. ಹಳದಿ ಚುಕ್ಕೆ ಅರ್ಧ ದಾರಿಗೆ ಬಂದು, ಅಲ್ಲೇ ನಿಂತು, ಲವಂಗದ ಕಡೆ ತಿರುಗಿ ಕಾಗದದ ಮೇಲೆ ಹತ್ತಿತು. ರಟ್ಟು ತೆಗೆದಾಗ ಎರಡೂ ಚೀಟಿಯಲ್ಲಿ ಒಂದೇ ಮಾತಿತ್ತು. ಹುಡುಗಿ ಹುಳುವನ್ನೆತ್ತಿ, ಮೇಷ್ಟ್ರ ಪಕ್ಕದಲ್ಲಿದ್ದ ಸೌತೆಕಾಯಿಯ ತಟ್ಟೆಗೆ ಬಿಟ್ಟಳು. ನೋಡಿ ಆದವುಗಳಿಗೆ ಊಟ.

ಆಮೇಲೆ ಕೆಂಪು ಚುಕ್ಕೆ. ಅದು ಲವಂಗದ ಕಡೆ ತಲೆಯೂ ಹಾಕಲಿಲ್ಲ. ಸೀದಾ ನೀರಿನ ಕಡೆ ಹೋಯಿತು.

"ಮರೆತುಬಿಟ್ಟಿದೆ," ಎಂದು ಬಾಗಿಲಲ್ಲಿ ಯಾರೋ ಅಂದರು.

"ಅದಕ್ಕೂ ಮರೆಯೋಕೆ ಹಕ್ಕಿದೆ ಬಿಡ್ರಿ," ಎಂದರು ಇನ್ನೊಬ್ಬರು. ಸಣ್ಣಗೆ ನಗು ಬಂತು, ನಾಚಿಕೊಂಡು ನಿಂತಿತು.

ನೀಲಿ ಚುಕ್ಕೆ ಎಲ್ಲರನ್ನೂ ಕಾಯಿಸಿತು. ಹೊರಟಿತು, ನಿಂತಿತು. ಲವಂಗದ ಕಾಗದದ ಅಂಚಿನುದ್ದಕ್ಕೂ ಮೈ ಸವರಿಕೊಂಡು ಹೋಗಿ, ಹಲಗೆಯ ಹೊರಗೆ ಇಳಿಯಲು ನೋಡಿತು. ರಟ್ಟು ತೆಗೆದರು. ಮೇಷ್ಟ್ರು 'ಲವಂಗ' ಎಂದು ಬರೆದಿದ್ದರು. ಹುಡುಗಿ ಬರೆದದ್ದು 'ಇಲ್ಲ'.

"ಮುಟ್ತಲ್ಲಮ್ಮ. ಮೈಯೇ ಮುಟ್ತು," ಎಂದರು ಹದ್ದು ಮೇಷ್ಟ್ರು. ಅವರ ದನಿಯಲ್ಲಿ ಮುಖ್ಯಸ್ಥರ ಕುರ್ಚಿ ಹಣಿಕಿತು. "ಲವಂಗ ಅಂತ ಹಾಕು. ನಿನ್ನ ಕೆಲಸಕ್ಕೂ ಒಳ್ಳೇದು."

ಹುಡುಗಿ ತನ್ನ ಚೀಟಿಯ ಮೇಲೆ ಬೆರಳಿಟ್ಟಳು. ದೊಡ್ಡಕ್ಕ ಅವಳನ್ನೇ ನೋಡುತ್ತಿದ್ದಳು. ಹೂಂ ಅನ್ನೇ, ಎಂದುಕೊಂಡಳು ಮನಸ್ಸಿನಲ್ಲಿ. ಇವರೊಬ್ಬರೇ ಇರೋದು ನಿನಗೆ, ಹೂಂ ಅಂದುಬಿಡೇ.

"ಅಲ್ಲ ಸಾರ್," ಎಂದಳು ಹುಡುಗಿ. ಕಣ್ಣು ತುಂಬಿತ್ತು, ದನಿ ಗಟ್ಟಿಯಾಗಿತ್ತು. "ದಾರೀಲಿ ಸಿಕ್ತು, ಮುಟ್ಕೊಂಡು ಹೋಯ್ತು. ಅದು ಹೊರಟಿದ್ದು ಹಲಗೆಯಿಂದ ಹೊರಗೆ. ಬಸ್ಸಲ್ಲಿ ಭುಜ ತಾಗಿದ್ರೆ ನೆಂಟಸ್ತಿಕೆ ಆಗುತ್ತಾ ಸಾರ್?"

ಹದ್ದು ಮೇಷ್ಟ್ರು ದಿಂಬಿನ ಮೇಲೆ ಎದೆಯಿಟ್ಟು ಮಲಗಿದ್ದವರು ಹಾಗೇ ತಲೆಯೆತ್ತಿ ಅವಳನ್ನು ನೋಡಿದರು. ಬೋಳುತಲೆಯ ಮೇಲೆ ಬೆವರು. ಬಾಗಿಲಲ್ಲಿದ್ದವರು ಕಾಲು ಬದಲಾಯಿಸಿದರು. ಮೇಷ್ಟ್ರು ಮತ್ತೆ ಗಾಜಿನ ಮೇಲೆ ಬಗ್ಗಿ, ಹುಳು ಹೋದ ದಾರಿಯನ್ನು ಈ ತುದಿಯಿಂದ ಆ ತುದಿಯವರೆಗೆ, ಕನ್ನಡಕ ಮೂಗಿಗಿಳಿಸಿ, ನೋಡಿದರು.

"ನನಗೆ ಈಗಲೂ ಲವಂಗ ಅಂತಲೇ ಕಾಣುತ್ತೆ," ಎಂದರು ಕೊನೆಗೆ. "ನಿನಗೆ?"

"ಇಲ್ಲ ಸಾರ್."

"ಹಾಗಿದ್ರೆ ಎರಡನ್ನೂ ಹಾಗೇ ಇಡು." ಚೀಟಿಯನ್ನು ಅವಳ ಕಡೆ ಸರಿಸಿದರು. "ಮುಂದಿನದು ಬಿಡು."

ಹಜಾರದಿಂದ ತಮ್ಮನು ಮೂಗು ಸೀಟಿಕೊಂಡ ಸದ್ದು ಕೇಳಿತು. ದೊಡ್ಡಕ್ಕ ಹೋಗಿ ನೋಡಲಿಲ್ಲ. ಅವನನ್ನು ಅವನ ಪಾಡಿಗೆ ಬಿಟ್ಟಳು.

ಎದ್ದವೆಲ್ಲ ಮುಗಿದವು. ಏಳದವು ಪರದೆಯೊಳಗೆ ಹಾಗೇ ಇದ್ದವು. ಪಕ್ಕದ ಮನೆಯಾಕೆ ತನ್ನ ಪಾತ್ರೆಗಳನ್ನು ತಾನೇ ಫ್ರಿಜ್ಜಿನಿಂದ ಹೊರಗೆ ತೆಗೆದು ಜಾಗ ಮಾಡಿದಳು. ಇಬ್ಬರು ಕೈ ಹಿಡಿದು ಮೇಷ್ಟ್ರನ್ನು ಎಬ್ಬಿಸಿದರು. ಶೂಗೆ ಕಾಲು ತೂರಿಸುತ್ತ ಅವರು ಹುಡುಗಿಯನ್ನು ಕೇಳಿದರು, "ಉಳಿದವನ್ನ ಯಾವತ್ತು ಎಬ್ಬಿಸ್ತೀಯ?"

"ಮೇಡಂ ಹೇಳಿದ್ದು ಮುಂದಿನ ವಾರ."

"ಸರಿ. ಮನೆಯೋರದ್ದು ಅಡ್ಡಿ ಇಲ್ಲದಿದ್ರೆ ಇಲ್ಲಿಗೇ ಬರ್ತೀನಿ. ಒಂದು ಚಾಪೆ ತರ್ತೀನಿ."

"ಚಾಪೆ ನಮ್ಮಲ್ಲೇ ಇದೆ," ಎಂದಳು ದೊಡ್ಡಕ್ಕ.

ಆಮೇಲೆ ಎತ್ತಿದರು.

*

ಗುಂಡಿಯ ಸುತ್ತ ಮಣ್ಣು ಹಸಿಯಾಗಿತ್ತು. ಕಾದು ಕುಳಿತಿದ್ದ ಇಬ್ಬರು ಕೆಲಸದವರು ತಡವಾದದ್ದಕ್ಕೆ ಏನೂ ಅನ್ನದೆ ಹಗ್ಗ ಹಿಡಿದು ಇಳಿಸಿದರು. ತಮ್ಮ ಒಂದು ಹಿಡಿ ಮಣ್ಣು ಹಾಕಿ ಪಕ್ಕಕ್ಕೆ ಸರಿದ. ಹುಡುಗಿ ಹಾಕಿದಳು. ದೊಡ್ಡಕ್ಕ ಹಾಕಿದಳು. ಅವಳ ಕೈಯಿಂದ ಜಾರಿದ ಮಣ್ಣು ಕೆಳಗೆ ಬಿದ್ದ ಸದ್ದೂ ಅವಳಿಗೆ ಕೇಳಲಿಲ್ಲ.

ಹದ್ದು ಮೇಷ್ಟ್ರು ಮುಂದಿನ ಸಾಲಿನಲ್ಲಿ ನಿಂತಿದ್ದರು. ಕಾಲೇಜಿನ ಪರವಾಗಿ ನಾಲ್ಕು ಮಾತು ಹೇಳಬೇಕಿತ್ತು. ಹೇಳಲು ಕೈಯೆತ್ತಿದಾಗ ಇಳಿಬಿಸಿಲು ಅವರ ಕಪ್ಪು ಕೋಟಿನ ತೋಳಿನ ಮೇಲೆ ಬಿತ್ತು. ಮೊಣಕೈಯಿಂದ ಶುರುವಾಗಿ, ಸುತ್ತಿ ಬಳಸಿ, ಒಂದು ಕಡೆ ನಿಂತು ಯೋಚಿಸಿದಂತೆ ಗಂಟಾಗಿ, ಮತ್ತೆ ಹೊರಟು, ಭುಜದವರೆಗೆ ಒಂದು ತೆಳುವಾದ ಬೆಳ್ಳಿಗೆರೆ ಹೊಳೆಯುತ್ತಿತ್ತು. ಅವರು ನೆಲದ ಮೇಲೆ ಮಲಗಿ ಒಂದನ್ನು ನೋಡುತ್ತಿದ್ದಾಗ, ನೋಡಿ ಆದ ಇನ್ನೊಂದು ಹುಳು ಸೌತೆಕಾಯಿಯ ತಟ್ಟೆಯಿಂದ ಇಳಿದು ಅವರ ತೋಳನ್ನು ಹತ್ತಿ ಇಳಿದು ಹೋಗಿರಬೇಕು. ಯಾರೂ ನೋಡಿರಲಿಲ್ಲ.

ದೊಡ್ಡಕ್ಕ ಪಕ್ಕದಲ್ಲೇ ಇದ್ದಳು. ಅಭ್ಯಾಸಬಲದಿಂದ ಕರವಸ್ತ್ರ ತೆಗೆದು, ಒರೆಸಲೆಂದು ಕೈ ಮುಂದೆ ಮಾಡಿದಳು. ಮಾಡಿದ ಕೈ ಅಲ್ಲೇ ನಿಂತಿತು. ಆಮೇಲೆ, ಮೇಷ್ಟ್ರು ಮಾತು ಮುಗಿಸುವವರೆಗೂ, ಅವರ ತೋಳು ಯಾರಿಗೂ ತಾಗದ ಹಾಗೆ, ಜನರನ್ನು ಮೊಣಕೈಯಿಂದ ಮೆಲ್ಲಗೆ ಹಿಂದಕ್ಕೆ ಒತ್ತುತ್ತ ನಿಂತಳು.